ವಾರಂಟಿಯ ರಿಪೇರಿಯೂ ಜಾಬ್ ಕಾರ್ಡಿನ ಬರಹವೂ

ಬಳಸಿದ ಕಾರು ಕೊಂಡು, ವಾರಂಟಿಯ ರಿಪೇರಿ ಸರಿಯಾಗಲಿಲ್ಲವೆಂದು ಕಾಸರಗೋಡಿನ ನನ್ನ ವಕೀಲ ಕಚೇರಿಗೆ ಬರುವವರಲ್ಲಿ ನಾನು ಮೊದಲು ಕೇಳುವುದು ಜಾಬ್ ಕಾರ್ಡನ್ನು, ಅಂದರೆ ರಿಪೇರಿಗೆ ಗಾಡಿ ಒಪ್ಪಿಸುವಾಗ ವರ್ಕ್‌ಶಾಪಿನವರು ದೂರನ್ನು ಬರೆದುಕೊಡುವ ಚೀಟಿಯನ್ನು. ಹೆಚ್ಚಿನವರ ಬಳಿ ಅದು ಇರುವುದಿಲ್ಲ. ಇದ್ದರೂ ಅದರಲ್ಲಿ ಬರೆದಿರುವುದು ‘ಜನರಲ್ ಚೆಕಪ್’ ಎಂದಷ್ಟೆ. ಹಳೆಯ ಗಾಡಿ ಮೊದಲಿನಿಂದಲೇ ಕೆಟ್ಟಿತ್ತೆಂದು ರುಜುವಾತುಪಡಿಸುವುದು ಕಷ್ಟದ ಕೆಲಸ. ಒಂದೇ ದೋಷ ರಿಪೇರಿಯ ಬಳಿಕವೂ ಮರುಕಳಿಸಿತೆಂದು ದಾಖಲೆಯಿಂದ ತೋರಿಸುವುದು ಸುಲಭ, ಆದರೆ ಆ ದಾಖಲೆಯನ್ನು ಗಾಡಿ ಒಪ್ಪಿಸುವಾಗಲೇ ಮಾಡಿಸಿಕೊಂಡಿರಬೇಕು.

ಬದಿಯಡ್ಕ ಕಡೆಯ ಕಕ್ಷಿಗಾರರೊಬ್ಬರು ಮಂಗಳೂರಿನ ವ್ಯಾಪಾರಿಯೊಬ್ಬರಿಂದ ವಾರಂಟಿ ಸಹಿತ ಕೊಂಡ ಡೀಸೆಲ್ ಕಾರು ಏರುದಾರಿಯಲ್ಲಿ ವಿಪರೀತ ಬಿಸಿಯಾಗುತ್ತಿತ್ತು. ಹೊರಗೆಲ್ಲೂ ಸೋರಿಕೆ ಕಾಣದಿದ್ದರೂ ಎಂಜಿನ್ ತಂಪಾಗಿಸುವ ದ್ರವವಾದ ಕೂಲೆಂಟ್ ಕಡಿಮೆಯಾಗುತ್ತಿತ್ತು. ಆಯಿಲ್ ಹಾಕುವ ಮುಚ್ಚಳದ ಒಳಬದಿಯಲ್ಲಿ ಹಾಲು ಬೆರೆಸಿದ ಕಾಫಿಯ ಬಣ್ಣದ ಪಸೆ ಅಂಟಿಕೊಂಡಿತ್ತು. ಹೆಡ್ ಗ್ಯಾಸ್ಕೆಟ್, ಅಂದರೆ ಎಂಜಿನ್ನಿನ ಮೇಲಿನ ಸಿಲಿಂಡರ್ ಹೆಡ್ಡಿಗೂ ಕೆಳಗಿನ ಬ್ಲಾಕಿಗೂ ನಡುವೆ ಸೋರದಂತೆ ಕೂರಿಸುವ ತೆಳು ಹಾಳೆ, ಹೋಗಿರುವುದರ ಲಕ್ಷಣಗಳಿವು. ಇಂಥಲ್ಲಿ ಸಿಲಿಂಡರ್ ಹೆಡ್ ಬಿಚ್ಚಿ, ಅದರ ಮೈ ಸಮತಟ್ಟಾಗಿದೆಯೇ ಎಂದು ಅಳೆದು, ಬಾಗಿದ್ದರೆ ಲೇತ್ ವರ್ಕ್‌ಶಾಪಿನಲ್ಲಿ ಸಮಗೊಳಿಸಿ, ಆಮೇಲೆ ಹೊಸ ಗ್ಯಾಸ್ಕೆಟ್ ಕೂರಿಸಬೇಕು. ವ್ಯಾಪಾರಿಯ ವರ್ಕ್‌ಶಾಪಿನವರು ಅಳತೆಯ ಗೋಜಿಗೇ ಹೋಗದೆ ಗ್ಯಾಸ್ಕೆಟ್ ಮಾತ್ರ ಬದಲಾಯಿಸಿ, ಕೂಲೆಂಟ್ ಬದಲು ಬರಿಯ ನೀರು ತುಂಬಿಸಿ ಕಳುಹಿಸಿದ್ದರು. ದೋಷ ಮತ್ತೆ ಕಾಣಿಸಿಕೊಂಡಾಗ ‘ಗ್ಯಾಸ್ಕೆಟ್ ವಾರಂಟಿಗೆ ಸೇರುವುದಿಲ್ಲ, ಎಂಜಿನ್ ಮಾತ್ರ’ ಎಂಬ ಉತ್ತರ ಬಂತು. ಮೊದಲ ಸಲ ಅದನ್ನೇ ವಾರಂಟಿಯಡಿ ಬದಲಾಯಿಸಿಕೊಟ್ಟವರ ಬಾಯಲ್ಲಿ ಈ ಮಾತು ನಿಲ್ಲುವುದಿಲ್ಲ. ಆದರೆ ಬದಲಾಯಿಸಿದ್ದಕ್ಕೆ ಕಾಗದವೇ ಇಲ್ಲದಿದ್ದರೆ ಅದನ್ನು ಹೇಳುವುದಾದರೂ ಹೇಗೆ?

ಆದ್ದರಿಂದ ಜಾಬ್ ಕಾರ್ಡಿನಲ್ಲಿ ದೂರನ್ನು ನಿಮ್ಮದೇ ಮಾತಿನಲ್ಲಿ ಬರೆಯಿಸಿ: ಯಾವ ದಾರಿಯಲ್ಲಿ, ಎಷ್ಟು ದೂರ ಓಡಿದ ಮೇಲೆ, ಏನಾಯಿತು. ದಿನಾಂಕ, ಓಡೋಮೀಟರಿನ ಅಂಕಿ ಇರಲಿ. ಬದಲಾಯಿಸಿದ ಹಳೆಯ ಬಿಡಿಭಾಗವನ್ನು ಕೇಳಿ ಪಡೆಯಿರಿ, ಬಿಲ್ಲಿನಲ್ಲಿ ಹೊಸ ಭಾಗದ ಹೆಸರು ನಮೂದಾಗಲಿ. ಫೋನಿನಲ್ಲಿ ಆಡಿದ ಮಾತನ್ನು ಅದೇ ದಿನ ವಾಟ್ಸಾಪಿನಲ್ಲಿ ಬರೆದು ಕಳುಹಿಸಿ, ಅಳಿಸದೆ ಇಟ್ಟುಕೊಳ್ಳಿ. ಬೇಸತ್ತು ಊರಿನ ಮೆಕ್ಯಾನಿಕ್ ಕೈಯಲ್ಲಿ ಎಂಜಿನ್ ಬಿಚ್ಚಿಸುವುದು ಮಾತ್ರ ಬೇಡ. ಹಾಗೆ ಮಾಡಿದರೆ ದೋಷ ಯಾರ ಕೈಯಿಂದಾಯಿತು ಎಂಬ ವಿವಾದವನ್ನು ನೀವೇ ವ್ಯಾಪಾರಿಯ ಕೈಗೆ ಕೊಟ್ಟಂತಾಗುತ್ತದೆ. ಪರೀಕ್ಷೆ ಮಾಡಿಸಿ ಲಿಖಿತ ವರದಿ ಪಡೆಯಲು ಅಡ್ಡಿಯಿಲ್ಲ.

ಕೇರಳದ ಗಡಿಯಾಚೆ, ಕರ್ನಾಟಕದಲ್ಲಿ ಕೊಂಡ ಗಾಡಿಗೆ ಗಡಿಯಾಚೆಯೇ ದಾವೆ ಹೂಡಬೇಕೆಂದು ನಂಬಿ, ಮಂಜೇಶ್ವರ, ಉಪ್ಪಳ, ಕುಂಬಳೆಯ ಎಷ್ಟೋ ಮಂದಿ ಸುಮ್ಮನಾಗುವುದನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ 34ನೇ ಕಲಮಿನ ಪ್ರಕಾರ ದೂರುದಾರರು ತಾವು ವಾಸಿಸುವ ಅಥವಾ ದುಡಿಯುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಸಲ್ಲಿಸಬಹುದು. ವ್ಯಾಪಾರಿ ಗಡಿಯೂರು ತಲಪಾಡಿಯ ಆಚೆಗಿದ್ದರೂ ಕಾಸರಗೋಡಿನ ಜಿಲ್ಲಾ ಆಯೋಗಕ್ಕೆ ಅಧಿಕಾರವಿದೆ. ಕೊಟ್ಟ ಬೆಲೆ 5 ಲಕ್ಷ ರೂಪಾಯಿಯೊಳಗಿದ್ದರೆ ದೂರಿಗೆ ಶುಲ್ಕವಿಲ್ಲ. ವ್ಯಾಜ್ಯಕಾರಣ, ಅಂದರೆ ದೂರಿಗೆ ಎಡೆಮಾಡಿದ ಸಂಗತಿ, ಉಂಟಾದ ದಿನದಿಂದ 2 ವರ್ಷದೊಳಗೆ ದೂರು ದಾಖಲಾಗಬೇಕು. ‘ಇವತ್ತು ಬನ್ನಿ, ನಾಳೆ ಬನ್ನಿ’ ಎಂದು ಅಲೆದಾಡಿಸುವವರ ನಡುವೆ ಈ ಅವಧಿ ಅರಿವಿಲ್ಲದೆ ಕಳೆದುಹೋಗುತ್ತದೆ.

ದೂರಿಗೆ ಮೊದಲು ನೋಟಿಸ್ ಕಡ್ಡಾಯವಲ್ಲದಿದ್ದರೂ ನಾನು ತಪ್ಪದೆ ಕಳುಹಿಸುತ್ತೇನೆ. ಅನೇಕ ತಕರಾರುಗಳು ಅಲ್ಲೇ ಇತ್ಯರ್ಥವಾಗುತ್ತವೆ. ನೋಟಿಸಿನಲ್ಲಿ ಪ್ರತಿ ಭೇಟಿಯ ದಿನಾಂಕವನ್ನೂ ಆಗಿನ ದೂರನ್ನೂ ಬರೆದು, ಸರಿಯಾದ ರಿಪೇರಿ, ಅದಾಗದಿದ್ದರೆ ರಿಪೇರಿಯ ವೆಚ್ಚ ಅಥವಾ ಕೊಟ್ಟ ಹಣ, ಹೀಗೆ ಬೇಡಿಕೆಯನ್ನು ಕ್ರಮವಾಗಿ ಇಡಬೇಕು. ‘ಇದ್ದ ಹಾಗೆ ಮಾರಿದ್ದೇವೆ’ ಎಂಬ ಸಮಜಾಯಿಷಿ ವಾರಂಟಿ ಬರೆದುಕೊಟ್ಟವರಿಗೆ ಹೆಚ್ಚು ಒದಗುವುದಿಲ್ಲ.

ಗಾಡಿ ಹಿಂದಿರುಗಿಸುವಾಗ ‘ಕೆಲಸ ತೃಪ್ತಿಕರವಾಗಿದೆ’ ಎಂಬ ಅಚ್ಚಾದ ಸಾಲಿನ ಕೆಳಗೆ ಸಹಿ ಕೇಳುತ್ತಾರೆ. ದೋಷ ಕಾಣಿಸುತ್ತಿದ್ದಂಥ ಏರಿನಲ್ಲೇ ಗಾಡಿ ಓಡಿಸಿ ನೋಡಿದ ಮೇಲೆ ಸಹಿ ಹಾಕಿ. ಅದಕ್ಕೆ ಬಿಡದಿದ್ದರೆ ‘ಓಡಿಸಿ ನೋಡಿಲ್ಲ’ ಎಂದು ಸಹಿಯ ಮೇಲೆಯೇ ಬರೆದು, ಅದರ ಫೋಟೋ ತೆಗೆದಿಟ್ಟುಕೊಳ್ಳಿ.