ಪದ ಪರಿಚಯ: ಕಿಟ್ಟ, ಮತ್ತು ಅದರೊಳಗಿನ ಟೈಟಾನಿಯಂ ಹರಳು

ಬೆಳಗಾವಿಯ ಉದ್ಯಮಬಾಗದಲ್ಲಿ ಯಾವುದಾದರೂ ಫೌಂಡ್ರಿಯ ಹಿಂಬದಿಗೆ ಹೋಗಿ ನೋಡಿ. ಕಪ್ಪು, ಹಸಿರುಗಪ್ಪು ಬಣ್ಣದ ಹೆಂಟೆಗಳ ರಾಶಿ ಬಿದ್ದಿರುತ್ತದೆ. ಕೆಲಸದವರ ಬಾಯಲ್ಲಿ ಅದು ಸ್ಲ್ಯಾಗ್. ನಮ್ಮ ಹಳೆಯ ಪದ ಕಿಟ್ಟ. ಲೋಹ ಕರಗಿಸಿದಾಗ ಮೇಲೆ ತೇಲಿ ಬರುವ ಕಲ್ಲಿನ ಕೆನೆ. ಆಯುರ್ವೇದದವರು ಹಳೆಯ ಲೋಹಕಿಟ್ಟವನ್ನೇ ಮಂಡೂರ ಅನ್ನುತ್ತಾರೆ, ಅದರಿಂದ ಭಸ್ಮವನ್ನೂ ಮಾಡುತ್ತಾರೆ. ಅಂದರೆ ಕಿಟ್ಟವನ್ನು ಬರೀ ಕಸ ಅಂದುಕೊಳ್ಳದವರು ಹಿಂದೆಯೂ ಇದ್ದರು.

ಒಮ್ಮೆ ಅಂಥದ್ದೊಂದು ರಾಶಿಯಿಂದ ದಪ್ಪ ಹೆಂಟೆ ಎತ್ತಿಕೊಂಡು ಸುತ್ತಿಗೆಯಿಂದ ಒಡೆದೆ. ಪಕ್ಕದಲ್ಲಿದ್ದವನು ನಕ್ಕ. "ಏನ್ ನೋಡ್ತೀರಿ ಸರ, ಚೆಲ್ಲೂದು ಐತಿ ಅದು." ಒಡೆದ ಮುಖದಲ್ಲಿ ಎರಡು ಭಾಗ ಎದ್ದು ಕಾಣುತ್ತಿದ್ದವು. ಅಂಚಿನಲ್ಲಿ ಬಾಟಲಿ ಚೂರಿನ ಹಾಗೆ ಹೊಳೆಯುವ ಗಾಜು. ನಡುವೆ ಹೊಳಪಿಲ್ಲದ ಬೂದು ಬಣ್ಣ, ಉಗುರಿಗೆ ತರಿತರಿ. ಒಂದೇ ಕುಲುಮೆಯ ಒಂದೇ ಕಿಟ್ಟ. ಅಂಚು ಬೇಗ ಆರಿತ್ತು, ಹರಳಾಗಲು ಸಮಯ ಸಿಗಲಿಲ್ಲ. ನಡುವಿನದು ನಿಧಾನವಾಗಿ ಆರಿತ್ತು, ಹರಳು ಕಟ್ಟಿತು.

ಆದರೆ ಆರುವ ವೇಗ ಅರ್ಧ ಕಥೆ ಅಷ್ಟೇ. ಯಾವ ಹರಳು ಹುಟ್ಟುತ್ತದೆ, ಎಷ್ಟು ದೊಡ್ಡದಾಗುತ್ತದೆ ಅನ್ನುವುದು ಕಿಟ್ಟದಲ್ಲಿ ಏನೇನು ಎಷ್ಟೆಷ್ಟು ಕಲೆತಿದೆ ಅನ್ನುವುದರ ಮೇಲೆ ನಿಂತಿದೆ. ಟೈಟಾನಿಯಂ ಇರುವ ಕಿಟ್ಟದಲ್ಲಂತೂ ಇದು ದುಡ್ಡಿನ ಪ್ರಶ್ನೆ.

ಫೌಂಡ್ರಿಯ ಕಿಟ್ಟದಲ್ಲಿ ಟೈಟಾನಿಯಂ ಹೇಳಿಕೊಳ್ಳುವಷ್ಟು ಇರುವುದಿಲ್ಲ. ಅದನ್ನು ನೋಡಬೇಕಾದರೆ ವಿಜಯಪುರದ ಕಡೆಯ ಎರೆಹೊಲಕ್ಕೆ ಹೋಗಬೇಕು. ಜೋರು ಮಳೆ ಆದ ಮೇಲೆ ಬದುವಿನ ಪಕ್ಕ ನೀರು ಹರಿದ ಜಾಗದಲ್ಲಿ ಕರೀ ಮರಳಿನ ಗೆರೆ ಉಳಿದಿರುತ್ತದೆ. ಅಲ್ಲಿ ಅಯಸ್ಕಾಂತ ಆಡಿಸಿದರೆ ಮೀಸೆಯ ಹಾಗೆ ಕಪ್ಪು ಪುಡಿ ಅಂಟಿಕೊಳ್ಳುತ್ತದೆ. ಅದರಲ್ಲಿ ಬಹುಪಾಲು ಟೈಟಾನಿಯಂ ಕಲೆತ ಮ್ಯಾಗ್ನೆಟೈಟ್ ಅನ್ನುವ ಕಬ್ಬಿಣದ ಅದಿರು. ನಮ್ಮ ಕಪ್ಪುಕಲ್ಲು, ಗೋಲಗುಂಬಜ್ ಕಟ್ಟಿದ ಅದೇ ಬಸಾಲ್ಟ್, ಸವೆದಾಗ ಉದುರುವ ಕಾಳು ಅದು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾದಲ್ಲಿ ಹುಟ್ಟಿದ್ದು.

ಇದೇ ಜಾತಿಯ ಅದಿರು ಬೆಟ್ಟದಷ್ಟು ಸಿಗುವ ಊರು ಚೀನಾದ ಸಿಚುವಾನ್ ಪ್ರಾಂತ್ಯದ ಪಾನ್‌ಝಿಹುವಾ. ಅಲ್ಲಿ ಈ ಅದಿರನ್ನು ಊದುಕುಲುಮೆಗೆ (ಬ್ಲಾಸ್ಟ್ ಫರ್ನೆಸ್) ಹಾಕಿ ಕಬ್ಬಿಣ ತೆಗೆಯುತ್ತಾರೆ. ಕಬ್ಬಿಣ ಕೆಳಗೆ ಹೋಗುತ್ತದೆ, ಟೈಟಾನಿಯಂ ಮೇಲೆ ಕಿಟ್ಟದಲ್ಲಿ ಉಳಿಯುತ್ತದೆ. ಆ ಕಿಟ್ಟದಲ್ಲಿ ನೂರಕ್ಕೆ 20ರಿಂದ 25 ಪಾಲು ಟೈಟಾನಿಯಂ ಆಕ್ಸೈಡ್. ಬಿಳಿ ಪೇಂಟಿಗೆ, ಟೂತ್‌ಪೇಸ್ಟಿಗೆ ಬೇಕಾದ ಅದೇ ಬಿಳಿ ಪುಡಿ. ಇಷ್ಟೆಲ್ಲ ಇದ್ದರೂ ತೆಗೆಯಲು ಯಾಕೆ ಕಷ್ಟ? ಒಂದೇ ಹರಳಿನಲ್ಲಿ ಇಲ್ಲ ಅದು. ನಾಲ್ಕೈದು ಬಗೆಯ ಹರಳುಗಳಲ್ಲಿ ಹಂಚಿಹೋಗಿರುತ್ತದೆ. ಪೆರೋವ್‌ಸ್ಕೈಟ್‌ನಲ್ಲಿ ಒಂದಿಷ್ಟು, ಡಯಾಪ್ಸೈಡ್‌ನಂಥ ಸಿಲಿಕೇಟುಗಳಲ್ಲಿ ಒಂದಿಷ್ಟು, ಸ್ಪಿನೆಲ್‌ನಲ್ಲಿ ಚೂರುಪಾರು. ಕಾಳುಗಳೂ ತಲೆಗೂದಲಿಗಿಂತ ಸಣ್ಣ. ಮನೆಯ ಬಂಗಾರವನ್ನೆಲ್ಲ ಸಾಸಿವೆ ಡಬ್ಬಿ, ಹಿಟ್ಟಿನ ಡಬ್ಬಿ, ಬೇಳೆ ಡಬ್ಬಿಗಳಲ್ಲಿ ಚಿಟಿಕೆ ಚಿಟಿಕೆ ಬೆರೆಸಿಟ್ಟ ಹಾಗೆ.

ಹಾಗಾಗಿ ಉಪಾಯ ಇದು: ಎಲ್ಲ ಟೈಟಾನಿಯಂ ಒಂದೇ ಡಬ್ಬಿಗೆ ಬರಬೇಕು. ಆ ಡಬ್ಬಿಯೇ ಪೆರೋವ್‌ಸ್ಕೈಟ್. ಸುಣ್ಣ ಮತ್ತು ಟೈಟಾನಿಯಂ ಆಕ್ಸೈಡ್ ಸೇರಿ ಆದ ಹರಳು. 1839ರಲ್ಲಿ ಜರ್ಮನಿಯ ಖನಿಜತಜ್ಞ ಗುಸ್ತಾವ್ ರೋಸ್ ರಷ್ಯಾದ ಉರಲ್ ಬೆಟ್ಟಗಳ ಕಲ್ಲಿನಲ್ಲಿ ಇದನ್ನು ಗುರುತಿಸಿ, ಲೆವ್ ಪೆರೋವ್‌ಸ್ಕಿ ಅನ್ನುವವರ ಹೆಸರಿಟ್ಟ. ತೂಕದಲ್ಲಿ ನೂರಕ್ಕೆ ಸುಮಾರು 41 ಪಾಲು ಸುಣ್ಣ, 59 ಪಾಲು ಟೈಟಾನಿಯಂ ಆಕ್ಸೈಡ್.

ಇಲ್ಲಿಂದ ನನಗೆ ನೆನಪಾಗುವುದು ಬೆಲ್ಲ. ಮಹಾಲಿಂಗಪುರದ ಹತ್ತಿರ ಸೋದರಮಾವನ ಗಾಣ ಇತ್ತು. ಒಂದು ವರ್ಷ ಟ್ರ್ಯಾಕ್ಟರ್ ಕೈಕೊಟ್ಟಿತು, ಕಡಿದ ಕಬ್ಬು ನಾಲ್ಕು ದಿನ ಹೊಲದಲ್ಲೇ ಬಿತ್ತು. ಆಮೇಲೆ ಎಷ್ಟು ಕಾಸಿದರೂ ಬೆಲ್ಲ ಗಟ್ಟಿಯಾಗಲಿಲ್ಲ. ಪೆಂಟೆ ಕಟ್ಟಲು ಹೋದರೆ ಕೈಗೆ ಅಂಟು ಅಂಟು. ಮಾವ ಕೊಪ್ಪರಿಗೆಗೆ ಸುಣ್ಣದ ತಿಳಿ ಜಾಸ್ತಿ ಹಾಕಿ ನೋಡಿದರು, ಅಷ್ಟೊತ್ತಿಗೆ ಹೊತ್ತು ಮೀರಿತ್ತು. ಹುಳಿಯಾದ ಕಬ್ಬಿನ ಹಾಲಿನಲ್ಲಿ ಸಕ್ಕರೆ ಒಡೆದು ಬೇರೆ ಸಕ್ಕರೆಗಳಾಗಿರುತ್ತದೆ, ಅವು ಹರಳು ಕಟ್ಟಲು ಬಿಡುವುದಿಲ್ಲ. ಮೊದಲೇ ಸುಣ್ಣ ಬಿದ್ದಿದ್ದರೆ ಹುಳಿ ತಗ್ಗಿ, ಇನ್ನಷ್ಟು ಸಕ್ಕರೆ ಒಡೆಯುವುದಾದರೂ ತಪ್ಪುತ್ತಿತ್ತು. ಸಕ್ಕರೆ ಕಾರ್ಖಾನೆಯಲ್ಲಿ ರಸ ಕಾಸುವ ಪ್ಯಾನ್‌ಮನ್ ಗಾಜಿನ ಪಟ್ಟಿಯ ಮೇಲೆ ಒಂದು ಹನಿ ಹಚ್ಚಿ ಬೆಳಕಿಗೆ ಹಿಡಿದು ನೋಡುವುದೂ ಗ್ರೇನ್, ಅಂದರೆ ಹರಳು, ಬಂತೋ ಇಲ್ಲವೋ ಅಂತಲೇ.

ಕಿಟ್ಟದಲ್ಲೂ ಸುಣ್ಣವೇ ಯಜಮಾನ. ಆದರೆ ಹೋಲಿಕೆ ಇಲ್ಲಿಗೇ ನಿಲ್ಲಬೇಕು. ಬೆಲ್ಲದಲ್ಲಿ ಸುಣ್ಣ ದಾರಿ ಮಾಡಿಕೊಟ್ಟು ಪಕ್ಕಕ್ಕೆ ಸರಿಯುತ್ತದೆ. ಕಿಟ್ಟದಲ್ಲಿ ಸುಣ್ಣ ತಾನೇ ಹರಳಿನ ಮೈಯಾಗುತ್ತದೆ. 100 ಕಿಲೋ ಕಿಟ್ಟದಲ್ಲಿ 22 ಕಿಲೋ ಟೈಟಾನಿಯಂ ಆಕ್ಸೈಡ್ ಇದ್ದರೆ, ಅಷ್ಟೂ ಪೆರೋವ್‌ಸ್ಕೈಟ್ ಆಗಲು ಸುಮಾರು 15.5 ಕಿಲೋ ಸುಣ್ಣ ಬೇಕು. ಕಿಟ್ಟದಲ್ಲಿ ಸುಣ್ಣ ಅದಕ್ಕಿಂತ ಜಾಸ್ತಿಯೇ ಇರುತ್ತದೆ. ತಂಟೆ ಏನೆಂದರೆ, ಕಿಟ್ಟದಲ್ಲಿರುವ ಸಿಲಿಕಾಕ್ಕೂ (ಮರಳಿನ ಮುಖ್ಯ ಅಂಶ) ಅದೇ ಸುಣ್ಣ ಬೇಕು. ಒಂದು ರೊಟ್ಟಿಗೆ ಇಬ್ಬರು.

ಅದಕ್ಕೇ ಕುಲುಮೆಯವರು ಬೇಸಿಸಿಟಿ ಅನ್ನುವ ಲೆಕ್ಕ ಇಡುತ್ತಾರೆ. ಕಿಟ್ಟದಲ್ಲಿರುವ ಸುಣ್ಣವನ್ನು ಸಿಲಿಕಾದಿಂದ ಭಾಗಿಸಿದರೆ ಬರುವ ಸಂಖ್ಯೆ. ಊದುಕುಲುಮೆಯಲ್ಲಿ ಸಾಮಾನ್ಯವಾಗಿ 1ಕ್ಕಿಂತ ತುಸು ಮೇಲೆ. ಹೊರಗೆ ಬಂದ ಕಿಟ್ಟಕ್ಕೆ ಸುಣ್ಣ ಸೇರಿಸಿ ಈ ಸಂಖ್ಯೆ ಏರಿಸಿದರೆ ಸಿಲಿಕಾಕ್ಕೆ ಕೊಟ್ಟು ಮಿಕ್ಕ ಸುಣ್ಣ ಟೈಟಾನಿಯಂಗೆ ಸಿಗುತ್ತದೆ. ಪೆರೋವ್‌ಸ್ಕೈಟ್ ಜಾಸ್ತಿ ಹುಟ್ಟುತ್ತದೆ, ಇನ್ನೂ ಹೆಚ್ಚು ಬಿಸಿಯಲ್ಲೇ ಹುಟ್ಟತೊಡಗುತ್ತದೆ. ಬೇಗ ಹುಟ್ಟಿದ್ದಕ್ಕೆ ಬೆಳೆಯಲು ಸಮಯವೂ ಜಾಸ್ತಿ, ಸುತ್ತಲಿನ ದ್ರವವೂ ತೆಳು. ತೆಳು ಅನ್ನುವುದು ಮುಖ್ಯ. ಸಿಲಿಕಾ ಕರಗಿದಾಗಲೂ ಒಂದಕ್ಕೊಂದು ಕೈಹಿಡಿದು ಬಲೆ ಹೆಣೆಯುತ್ತದೆ. ಆ ಬಲೆಯಲ್ಲಿ ಟೈಟಾನಿಯಂ ಓಡಾಡಿ ಹರಳಿನ ಮೈ ಮುಟ್ಟುವುದೇ ಕಷ್ಟ. ಸುಣ್ಣ ಆ ಬಲೆಯನ್ನು ಹರಿಯುತ್ತದೆ. ಕಬ್ಬಿಣದ ಆಕ್ಸೈಡ್ ಒಂದಿಷ್ಟು ಇದ್ದರೂ ಕಿಟ್ಟ ತೆಳುವಾಗುತ್ತದೆ.

ಹಾಗಂತ ಸುಣ್ಣ ಸುರಿಯುತ್ತಲೇ ಹೋದರೆ? ಕಿಟ್ಟ ಕರಗುವುದೇ ಕಷ್ಟವಾಗುತ್ತದೆ, ಅರೆಗಟ್ಟಿಯಾಗಿ ಗಂಜಿಯ ಹಾಗೆ ನಿಲ್ಲುತ್ತದೆ. ಸುಣ್ಣ ಅತಿಯಾದ ಕಿಟ್ಟದ ಇನ್ನೊಂದು ಚೇಷ್ಟೆ ನೋಡಿದರೆ ಗಾಬರಿಯಾಗಬೇಕು. ಗಟ್ಟಿ ಕಲ್ಲಿನ ಹಾಗಿದ್ದದ್ದು ಆರುತ್ತಾ ಆರುತ್ತಾ ತಾನಾಗಿ ಬಿರಿದು ಹಿಟ್ಟಾಗುತ್ತದೆ. ಅದರೊಳಗಿನ ಕ್ಯಾಲ್ಸಿಯಂ ಸಿಲಿಕೇಟ್ ಹರಳು ರೂಪ ಬದಲಿಸುವಾಗ ಉಬ್ಬುವುದೇ ಕಾರಣ.

ಕಿಟ್ಟದಲ್ಲಿರುವ ಅಲ್ಯೂಮಿನಾ, ಮೆಗ್ನೀಷಿಯಾ (ಅಲ್ಯೂಮಿನಿಯಂ, ಮೆಗ್ನೀಷಿಯಂ ಆಕ್ಸೈಡುಗಳು) ಎರಡೂ ಸೇರಿ ಸ್ಪಿನೆಲ್ ಮಾಡಿಕೊಳ್ಳುತ್ತವೆ. ಅದು ಬೇರೆ ದಾರಿ. ಈಗ ಬೇಡ.

ಇನ್ನೊಂದು ಸಂಗತಿ ಮಾತ್ರ ಬಿಡಲಾಗದು. ಊದುಕುಲುಮೆಯೊಳಗೆ ಕಲ್ಲಿದ್ದಲಿನಿಂದ ಮಾಡಿದ ಕೋಕ್ ಇದೆ, ಉಸಿರಾಡಲು ಆಕ್ಸಿಜನ್ ಕಡಿಮೆ. ಅಲ್ಲಿ ಟೈಟಾನಿಯಂನ ಒಂದು ಪಾಲು ಆಕ್ಸಿಜನ್ ಕಳೆದುಕೊಂಡು ಇಂಗಾಲ, ನೈಟ್ರೋಜನ್ ಜೊತೆ ಕೂಡಿಕೊಳ್ಳುತ್ತದೆ. ಈ ಹರಳುಗಳು ಕರಗಬೇಕಾದರೆ ಸುಮಾರು 3000 ಡಿಗ್ರಿ ಬೇಕು. ಹಾಗಾಗಿ ಕಿಟ್ಟದಲ್ಲಿ ಮರಳಿನ ಹಾಗೆ ತೇಲಾಡಿ ಅದನ್ನು ಮಂದ ಮಾಡುತ್ತವೆ. ನೋಡಲು ಮಾತ್ರ ತಾಮ್ರದ ಬಣ್ಣದ ಚೆಂದದ ಘನಗಳು. 1820ರ ದಶಕದಲ್ಲಿ ಬ್ರಿಟನ್ನಿನ ರಸಾಯನಶಾಸ್ತ್ರಜ್ಞ ವೊಲಾಸ್ಟನ್ ಇಂಥವನ್ನು ಕಿಟ್ಟದಲ್ಲಿ ನೋಡಿ ಅಪ್ಪಟ ಟೈಟಾನಿಯಂ ಅಂದುಕೊಂಡ. ಅಂಥ ಘಟಾನುಘಟಿಯೂ ಮೋಸಹೋದ ಅನ್ನುವುದು ನನಗೆ ಸ್ವಲ್ಪ ಸಮಾಧಾನ! 1849ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ವೋಲರ್, ಇದರಲ್ಲಿ ಇಂಗಾಲವೂ ನೈಟ್ರೋಜನ್ನೂ ಇವೆ ಅಂತ ತೋರಿಸಿದ. ಪೆರೋವ್‌ಸ್ಕೈಟ್ ಬೇಕಾದವರು ಕರಗಿದ ಕಿಟ್ಟಕ್ಕೆ ಗಾಳಿ ಊದಿ ಟೈಟಾನಿಯಂಗೆ ಆಕ್ಸಿಜನ್ ವಾಪಸ್ ಕೊಡಿಸುತ್ತಾರೆ. ಆಮೇಲೆ ಸುಣ್ಣ, ಆಮೇಲೆ ನಿಧಾನವಾಗಿ ಆರಲು ಬಿಡುವುದು. ಮೊದಲು ಜರಿಗಿಡದ ಎಲೆಯ ಹಾಗೆ ಕವಲೊಡೆದ ಹರಳು, ಬರಬರುತ್ತಾ ಕವಲುಗಳು ದುಂಡಗಾಗಿ ಕಾಳು. ಕಾಳು ದಪ್ಪಗಾದರೆ ಅರೆದು ಬೇರ್ಪಡಿಸಬಹುದು. ಪೆರೋವ್‌ಸ್ಕೈಟ್ ಸುತ್ತಲಿನ ಸಿಲಿಕೇಟಿಗಿಂತ ಭಾರ, ಅದೂ ಅನುಕೂಲ.

ಟೈಟಾನಿಯಂ ಕಿಟ್ಟ ಅಂದಾಗ ಇನ್ನೊಂದು ಬಗೆಯೂ ಇದೆ, ಗೊಂದಲ ಬೇಡ. ಕಡಲತೀರದ ಕಪ್ಪು ಮರಳಿನಲ್ಲಿ ಕಬ್ಬಿಣ, ಟೈಟಾನಿಯಂ ಎರಡೂ ಇರುವ ಇಲ್ಮನೈಟ್ ಖನಿಜ ಸಿಗುತ್ತದೆ, ಕೇರಳದ ಚವರದಲ್ಲಿ ಇದ್ದ ಹಾಗೆ. ದಕ್ಷಿಣ ಆಫ್ರಿಕಾದ ರಿಚರ್ಡ್ಸ್ ಬೇಯಲ್ಲಿ ಅಂಥ ಇಲ್ಮನೈಟ್ ಅನ್ನು ವಿದ್ಯುತ್ ಕುಲುಮೆಯಲ್ಲಿ ಕರಗಿಸಿ ಕಬ್ಬಿಣ ಬೇರೆ ಮಾಡುತ್ತಾರೆ. ಉಳಿದ ಕಿಟ್ಟದಲ್ಲಿ ನೂರಕ್ಕೆ 85ರ ಆಸುಪಾಸು ಟೈಟಾನಿಯಂ ಆಕ್ಸೈಡ್. ಇಲ್ಲಿ ಕಿಟ್ಟವೇ ಮಾಲು. ಇಲ್ಲಿ ಮುಖ್ಯ ಹರಳು ಸ್ಯೂಡೋಬ್ರೂಕೈಟ್ ಅನ್ನುವ ಇನ್ನೊಂದು ಟೈಟಾನಿಯಂ ಹರಳು, ಪೆರೋವ್‌ಸ್ಕೈಟ್ ಅಲ್ಲ. ಮೊದಲ ಕಿಟ್ಟದಲ್ಲಿ ಕರೆಕರೆದು ಹಾಕಿದ ಸುಣ್ಣವನ್ನು ಇಲ್ಲಿ ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಯಾಕೆಂದರೆ ಈ ಕಿಟ್ಟವನ್ನು ಮುಂದೆ ಸುಮಾರು 1000 ಡಿಗ್ರಿಯಲ್ಲಿ ಕ್ಲೋರಿನ್ ಅನಿಲಕ್ಕೆ ಒಡ್ಡುತ್ತಾರೆ. ಟೈಟಾನಿಯಂ ಕ್ಲೋರಿನ್ ಜೊತೆ ಕೂಡಿ ಆವಿಯಾಗಿ ಹೋಗುತ್ತದೆ, ಸುಣ್ಣ ಕ್ಯಾಲ್ಸಿಯಂ ಕ್ಲೋರೈಡ್ ಆಗುತ್ತದೆ. ಅದು 772 ಡಿಗ್ರಿಗೇ ಕರಗುತ್ತದೆ, ಆದರೆ ಆ ಬಿಸಿಗೆ ಆವಿಯಾಗುವುದಿಲ್ಲ. ಅನಿಲದಲ್ಲಿ ಕುಣಿಯಬೇಕಾದ ಪುಡಿಯೆಲ್ಲ ಅದರಲ್ಲಿ ತೊಯ್ದು, ಮಾವನ ಆ ವರ್ಷದ ಬೆಲ್ಲದ ಹಾಗೆ, ಒಂದಕ್ಕೊಂದು ಅಂಟಿಕೊಂಡು ಕೂರುತ್ತದೆ.