ಒಡೆಯಬೇಕಾದ್ದು ಒಂದೇ ಫ್ರೇಮ್

ಮಳೆ ಜೋರಾದಾಗ ಡಿಟಿಎಚ್ ಟಿವಿಯಲ್ಲಿ ವಾರ್ತೆ ಓದುವವರ ಮುಖ ಚೌಕ ಚೌಕವಾಗಿ ಒಡೆಯುತ್ತದೆ. ಆ ಚೂರುಗಳು ಹಿಂದಿನ ದೃಶ್ಯದ ಬಣ್ಣ ಹೊತ್ತು ಪರದೆಯ ಮೇಲೆ ಹರಿದಾಡುತ್ತವೆ. ಸ್ವಲ್ಪ ಹೊತ್ತಿಗೆ ಚಿತ್ರ ತಾನಾಗಿ ಸರಿಹೋಗುತ್ತದೆ. ಹೀಗೆ ಬೇಕೆಂದೇ ಚಿತ್ರ ಒಡೆದು ಮಾಡುವ ಗ್ಲಿಚ್ ವಿಡಿಯೊ ಕಲಿಯಲು ಬರುವವರನ್ನು ನಾನು ಮೊದಲು ಕೇಳುವುದು ಇದನ್ನೇ: ಸರಿಹೋಗುವುದು ಹೇಗೆ? ಉತ್ತರ ಹೊಳೆದರೆ ಅರ್ಧ ಕೆಲಸ ಮುಗಿದಂತೆ.

ಕಂಪ್ರೆಸ್ ಆದ ವಿಡಿಯೊದಲ್ಲಿ ಪ್ರತಿ ಫ್ರೇಮೂ ಪೂರ್ತಿ ಚಿತ್ರವಲ್ಲ. ಪೂರ್ತಿ ಚಿತ್ರ ಇರುವುದು ಐ-ಫ್ರೇಮ್‌ನಲ್ಲಿ ಮಾತ್ರ. ಕೀಫ್ರೇಮ್ ಎನ್ನುವುದೂ ಇದನ್ನೇ. ಅದರ ನಂತರ ಬರುವ ಪಿ-ಫ್ರೇಮ್‌ಗಳು ಹೇಳುವುದು ಇಷ್ಟೇ: ಹಿಂದಿನ ಚಿತ್ರದ ಈ 16×16 ಪಿಕ್ಸೆಲ್ ಚೌಕವನ್ನು ಅಲ್ಲಿಗೆ ಸರಿಸು, ಅಳಿದುಳಿದ ವ್ಯತ್ಯಾಸವನ್ನು ಸೇರಿಸು. ನಡುವೆ ಡೇಟಾ ಕಳೆದುಹೋದರೆ ಚೌಕಗಳು ತಪ್ಪು ಚಿತ್ರದ ಮೇಲೆ ಸರಿಯುತ್ತವೆ. ಮುಂದಿನ ಐ-ಫ್ರೇಮ್ ಬಂದೊಡನೆ ಎಲ್ಲ ಶುದ್ಧವಾಗುತ್ತದೆ. ಹಾಗಾದರೆ ಆ ಐ-ಫ್ರೇಮ್ ಬರದಂತೆ ನಾವೇ ತಡೆದರೆ? ಒಂದು ದೃಶ್ಯದ ಬಣ್ಣ ಇನ್ನೊಂದು ದೃಶ್ಯದ ಚಲನೆಯಲ್ಲಿ ಕರಗಿ ಹರಿಯುತ್ತದೆ. ಡೇಟಾಮಾಶಿಂಗ್ ಎಂದರೆ ಇಷ್ಟೇ.

ಸ್ಕ್ರಿಪ್ಟ್ ಬರೆಯಲು ಕೂತ ಹೊಸಬರು ಸಾಮಾನ್ಯವಾಗಿ ಫೈಲಿನ ಯಾವುಯಾವುದೋ ಬೈಟ್‌ಗಳನ್ನು ಬದಲಿಸಿ ನೋಡುತ್ತಾರೆ. ಬೂದು ಪಟ್ಟಿಗಳು ಬರುತ್ತವೆ, ಇಲ್ಲವೇ ಪ್ಲೇಯರ್ ನಿಂತೇಹೋಗುತ್ತದೆ. ಇಲ್ಲಿ ಕೋಡ್‌ಗಳ ಉದ್ದ ಒಂದೇ ಸಮ ಇರುವುದಿಲ್ಲ, ಒಂದು ಬಿಟ್ ತಪ್ಪಿದರೆ ಅದರ ಮುಂದಿನದನ್ನೆಲ್ಲ ಡಿಕೋಡರ್, ಅಂದರೆ ಕೋಡನ್ನು ಬಿಡಿಸಿ ಚಿತ್ರ ಮಾಡುವ ಭಾಗ, ತಪ್ಪಾಗಿ ಓದುತ್ತದೆ. ಫೈಲಿನ ರಚನೆಯನ್ನು ಕಾಪಾಡಿಕೊಂಡು ಒಂದೇ ಒಂದು ಕಡೆ ಮುರಿಯುವುದರಲ್ಲಿ ಈ ಕಲೆಯ ಚೆಲುವಿದೆ ಎಂದು ನಾನು ನಂಬಿದ್ದೇನೆ. ಹಲವು ರೆಡಿಮೇಡ್ ಪ್ಲಗಿನ್‌ಗಳು ಚಿತ್ರದ ಮೇಲೆ ಬಣ್ಣದ ಗೆರೆ ಎಳೆಯುತ್ತವೆ ಅಷ್ಟೇ, ಚಲನೆಯನ್ನು ಮುಟ್ಟುವುದಿಲ್ಲ. ಹಾಗಾಗಿ ಅವು ಬೇಗ ಬೇಸರ ತರಿಸುತ್ತವೆ.

ಕೆಲಸಕ್ಕೆ ಎಂಪೆಗ್-4 ಪಾರ್ಟ್ 2 ಕೋಡೆಕ್ (ವಿಡಿಯೊ ಕಂಪ್ರೆಸ್ ಮಾಡುವ ವಿಧಾನ) ಮತ್ತು ಎವಿಐ ಫೈಲ್ ಆರಿಸಿಕೊಳ್ಳಿ. ಹಳೆಯದು, ಆದರೆ ಒಳಗಿನ ರಚನೆ ಸರಳ. ಎರಡು ಕ್ಲಿಪ್‌ಗಳನ್ನು ಎಫ್‌ಎಫ್‌ಎಂಪೆಗ್ ಎಂಬ ವಿಡಿಯೊ ಪರಿವರ್ತಿಸುವ ಉಚಿತ ಸಾಫ್ಟ್‌ವೇರಿನಲ್ಲಿ ಬೇರೆ ಬೇರೆಯಾಗಿ ಎನ್‌ಕೋಡ್ ಮಾಡಿ; ಅಳತೆ, ಫ್ರೇಮ್ ರೇಟ್, ಸೆಟಿಂಗ್ ಎಲ್ಲ ಒಂದೇ ಇರಲಿ. ಹಾಗೆ ಮಾಡಿದರೆ ಎರಡನೆಯ ಕ್ಲಿಪ್ ಐ-ಫ್ರೇಮ್‌ನಿಂದಲೇ ಶುರುವಾಗುತ್ತದೆ, ತೆಗೆಯಬೇಕಾದ್ದು ಎಲ್ಲಿದೆ ಎಂದು ಹುಡುಕಬೇಕಿಲ್ಲ. ಕೀಫ್ರೇಮ್ ಅಂತರ 600 ಇಡಿ. ಬಿ-ಫ್ರೇಮ್ ಸೊನ್ನೆ ಮಾಡಿ, ಅವು ಮುಂದಿನ ಫ್ರೇಮನ್ನೂ ಅವಲಂಬಿಸುವುದರಿಂದ ಲೆಕ್ಕ ಕೆಡಿಸುತ್ತವೆ. ಆಡಿಯೊ ತೆಗೆದುಬಿಡಿ, ಕೊನೆಗೆ ಸೇರಿಸಿದರಾಯಿತು. ಅಳತೆ 640×480 ಸಾಕು: ಅಡ್ಡಕ್ಕೆ 40, ಉದ್ದಕ್ಕೆ 30, ಒಟ್ಟು 1200 ಚೌಕ. ಫೋರ್‌ಕೆಯಲ್ಲಿ ಅಡ್ಡಕ್ಕೇ 240 ಚೌಕಗಳು ಬರುತ್ತವೆ, ಅಷ್ಟು ಸಣ್ಣದಾದರೆ ಕಣ್ಣಿಗೆ ಕಾಣುವುದು ಬರೀ ಮಸುಕು.

ಇನ್ನು ಸ್ಕ್ರಿಪ್ಟ್. ಪೈಥಾನ್‌ನಲ್ಲಿ ಮೂವತ್ತು ಸಾಲಿನೊಳಗೆ ಮುಗಿಯುತ್ತದೆ. ಫೈಲನ್ನು ಬೈಟ್‌ಗಳಾಗಿ ಓದಿ, 'ಮೂವಿ' (movi) ಎಂಬ ನಾಲ್ಕಕ್ಷರದ ಗುರುತಿನ ಬಳಿಕ ಶುರುಮಾಡಿ. ಅಲ್ಲಿಂದ ಪ್ರತಿ ಫ್ರೇಮಿನ ಮುಂದೆ '00ಡಿಸಿ' (00dc) ಎಂಬ ನಾಲ್ಕು ಬೈಟ್ ಇರುತ್ತವೆ, ನಂತರದ ನಾಲ್ಕು ಬೈಟ್‌ಗಳಲ್ಲಿ ಫ್ರೇಮಿನ ಉದ್ದ. ಉದ್ದ ಬೆಸಸಂಖ್ಯೆಯಾದರೆ ಕೊನೆಯಲ್ಲಿ ಒಂದು ಖಾಲಿ ಬೈಟ್ ಹೆಚ್ಚಿಗೆ ಇರುತ್ತದೆ. ಅದನ್ನು ಮರೆತರೆ ಮುಂದಿನ ಓದೆಲ್ಲ ಹಳಿ ತಪ್ಪುತ್ತದೆ. ಬರೀ '00ಡಿಸಿ' ಹುಡುಕಿ ಕತ್ತರಿಸುವವರೂ ಇದ್ದಾರೆ. ಆದರೆ ಯಾವ ಫ್ರೇಮ್ ಎಲ್ಲಿದೆ ಎಂದು ಹೇಳುವ, ಫೈಲಿನ ಕೊನೆಯ ಇಂಡೆಕ್ಸ್‌ನಲ್ಲೂ ಅದೇ ಗುರುತು ಸಾಲುಸಾಲಾಗಿ ಬರುತ್ತದೆ. ಉದ್ದ ಓದಿ ಹಾರುತ್ತ ಹೋಗಿ, ಇಂಡೆಕ್ಸ್ ಸಿಕ್ಕೊಡನೆ ನಿಲ್ಲಿಸುವುದು ಕ್ಷೇಮ. ಫ್ರೇಮಿನೊಳಗೆ 00 00 01 ಬಿ6 (ಹೆಕ್ಸ್‌ನಲ್ಲಿ 00 00 01 B6) ಎಂಬ ಸರಣಿ ಹುಡುಕಿ, ಅದರ ಮುಂದಿನ ಬೈಟ್‌ನ ಮೊದಲ ಎರಡು ಬಿಟ್ ನೋಡಿ. 00 ಇದ್ದರೆ ಐ-ಫ್ರೇಮ್, 01 ಇದ್ದರೆ ಪಿ-ಫ್ರೇಮ್. ಮೊದಲ ಕ್ಲಿಪ್ಪನ್ನು ಹೆಡರ್ (ಫೈಲಿನ ಆರಂಭದ ವಿವರ) ಸಮೇತ ಹಾಗೇ ಬರೆದು, ಎರಡನೆಯದರಿಂದ ಪಿ-ಫ್ರೇಮ್‌ಗಳನ್ನು ಮಾತ್ರ ಅದರ ಬೆನ್ನಿಗೆ ಜೋಡಿಸಿ.

ಕೋಡ್ ಎಷ್ಟೇ ಸರಿಯಿದ್ದರೂ ಫಲ ನಿಂತಿರುವುದು ಶಾಟ್‌ಗಳ ಆಯ್ಕೆಯ ಮೇಲೆ. ಮೊದಲನೆಯದರಲ್ಲಿ ಗಾಢ ಬಣ್ಣ, ಸ್ಪಷ್ಟ ಆಕಾರ ಇರಲಿ. ಎರಡನೆಯದರಲ್ಲಿ ಎನ್‌ಕೋಡರ್ ಹಿಂಬಾಲಿಸಬಲ್ಲ ಚಲನೆ ಬೇಕು: ನಿಧಾನವಾದ ಪ್ಯಾನ್, ಕ್ಯಾಮೆರಾದತ್ತ ನಡೆದು ಬರುವ ವ್ಯಕ್ತಿ, ಬೀಸಿ ತಿರುಗುವ ಕೈ. ಜೋಗದ ಶಾಟ್ ಹಾಕಿದರೆ ಅದ್ಭುತವಾಗುತ್ತದೆ ಎಂದು ಅನೇಕರು ಅಂದುಕೊಳ್ಳುತ್ತಾರೆ, ಆಗುವುದಿಲ್ಲ. ನೊರೆಯ ಚಲನೆಗೆ ದಿಕ್ಕು ಸಿಗದೆ ಎನ್‌ಕೋಡರ್ ಪಿ-ಫ್ರೇಮ್‌ನೊಳಗೇ ಹೊಸ ಚೌಕಗಳನ್ನು ಪೂರ್ತಿಯಾಗಿ ಬರೆದುಬಿಡುತ್ತದೆ, ಹಳೆಯ ಚಿತ್ರ ಕ್ಷಣದಲ್ಲಿ ಅಳಿಸಿಹೋಗುತ್ತದೆ. ಯಕ್ಷಗಾನದ ವೇಷಧಾರಿಯ ಗಿರಕಿಯೂ ತೀರಾ ವೇಗದ್ದಾದರೆ ಇದೇ ಪಾಡು. ಸೆಕೆಂಡಿಗೆ 50 ಫ್ರೇಮ್‌ನಲ್ಲಿ ಚಿತ್ರೀಕರಿಸಿ 25ರಲ್ಲಿ ನಿಧಾನವಾಗಿ ಓಡಿಸಿದರೆ, ಹಿಂದಿನ ದೃಶ್ಯದ ಬಣ್ಣ ಆ ಗಿರಕಿಯೊಳಕ್ಕೆ ಜಿನುಗುವುದನ್ನು ನೋಡುತ್ತ ಕೂರಬಹುದು.

ಇನ್ನೊಂದು ಪ್ರಯೋಗ ಬ್ಲೂಮ್. ಚಲನೆ ತುಂಬಿದ ಒಂದು ಪಿ-ಫ್ರೇಮನ್ನು ಆರಿಸಿ ಇಪ್ಪತ್ತು-ಮೂವತ್ತು ಸಲ ಪುನರಾವರ್ತಿಸಿ. ಒಂದೇ ತಳ್ಳುವಿಕೆ ಮತ್ತೆ ಮತ್ತೆ ಬಿದ್ದು ಚಿತ್ರ ಅರಳುತ್ತ ಹೋಗುತ್ತದೆ. ಸ್ಕ್ರಿಪ್ಟಿಗೆ ಒಂದೇ ಸಾಲು ಹೆಚ್ಚು.

ಹೀಗೆ ಹೊರಬಂದ ಫೈಲಿನ ಇಂಡೆಕ್ಸೂ ಫ್ರೇಮ್ ಲೆಕ್ಕವೂ ತಪ್ಪಾಗಿರುತ್ತವೆ. ಒಂದು ಪ್ಲೇಯರ್‌ನಲ್ಲಿ ಕಂಡದ್ದು ಇನ್ನೊಂದರಲ್ಲಿ ಕಾಣದು. ಆದ್ದರಿಂದ ಎಫ್‌ಎಫ್‌ಎಂಪೆಗ್‌ನಲ್ಲಿ ಮತ್ತೊಮ್ಮೆ, ಎಲ್ಲೆಡೆ ಓಡುವ ಎಚ್.264 ಕೋಡೆಕ್‌ಗೆ ಎನ್‌ಕೋಡ್ ಮಾಡಿ ಒಡಕನ್ನು ಚಿತ್ರವಾಗಿ ಸ್ಥಿರಗೊಳಿಸಬೇಕು. ಹಿಗ್ಗಿಸುವಾಗ ನಿಯರೆಸ್ಟ್ ನೇಬರ್ ವಿಧಾನ ಬಳಸಿದರೆ ಚೌಕಗಳ ಅಂಚು ಚೂಪಾಗಿ ಉಳಿಯುತ್ತದೆ. ಗುಣಮಟ್ಟ ನಿರ್ಧರಿಸುವ ಸಿಆರ್‌ಎಫ್ ಅಂಕಿ ಕಡಿಮೆಯಾದಷ್ಟೂ ಚಿತ್ರ ಚೆನ್ನ; ಅದನ್ನು ಡೀಫಾಲ್ಟ್ ಆದ 23ರಲ್ಲೇ ಬಿಡಬೇಡಿ, 16ರ ಆಸುಪಾಸಿಗೆ ಇಳಿಸಿ. ಅಪ್‌ಲೋಡ್ ಮಾಡಿದ ಮೇಲೆ ಆ ತಾಣವೂ ತನ್ನ ಪಾಲಿನ ಕಂಪ್ರೆಷನ್ ಮಾಡುತ್ತದಲ್ಲ, ಅದಕ್ಕೆ ಮೊದಲೇ ಅಂಚು ಸವೆದಿರಬಾರದು.

ಅಪ್‌ಲೋಡಿಗೆ ಮುನ್ನ ಮಿನುಗನ್ನೂ ಪರೀಕ್ಷಿಸಿ. ಬೆಳಕು-ಕತ್ತಲೆಯ ಮಿಂಚು ಸೆಕೆಂಡಿಗೆ ಮೂರು ಸಲಕ್ಕಿಂತ ಹೆಚ್ಚು ಬರಬಾರದು ಎನ್ನುತ್ತದೆ ವೆಬ್ ಎಲ್ಲರಿಗೂ ಬಳಸಲು ಬರುವಂತಿರಲು ಮಾಡಿದ ಡಬ್ಲ್ಯುಸಿಎಜಿ ಮಾರ್ಗಸೂಚಿ. ಬೆಳಕಿನ ಮಿನುಗಿನಿಂದ ಅಪಸ್ಮಾರ ಕೆರಳುವವರಿದ್ದಾರೆ. ಬಣ್ಣ ಹರಿಯುವ ಮಾಶಿಂಗ್‌ನಲ್ಲಿ ಈ ಅಪಾಯ ಕಡಿಮೆ. ಬ್ಲೂಮ್‌ಗಳನ್ನು ಒಂದರ ಹಿಂದೊಂದು ಕತ್ತರಿಸಿ ಜೋಡಿಸಿದಾಗ ಹೆಚ್ಚು. ಅಂಥ ಜಾಗದಲ್ಲಿ ನಾನು ಕಟ್‌ಗಳನ್ನು ದೂರ ದೂರ ಇಡುತ್ತೇನೆ, ಮಿನುಗು ಬೇಕೇಬೇಕೆಂದು ಗ್ರಾಹಕರು ಕೇಳಿದರೂ ಒಪ್ಪುವುದಿಲ್ಲ.