ಒಂದೇ ಚಿಟ್ಟೆಗೆ ಮೂರು ಹೆಸರು ಬಿದ್ದ ಕಥೆ

ಉಡುಪಿ, ಮಣಿಪಾಲ, ಮಂಗಳೂರಿನ ಯಾವ ಹಿತ್ತಲಲ್ಲಾದರೂ ಒಂದು ಕರಿಬೇವಿನ ಗಿಡವೋ ಲಿಂಬೆ ಗಿಡವೋ ಇದ್ದರೆ ಸಾಕು, ಕಾಮನ್ ಮಾರ್ಮನ್ ಚಿಟ್ಟೆ ಹುಡುಕಿಕೊಂಡು ಬರುತ್ತದೆ. ಗಂಡನ್ನು ಗುರುತಿಸುವುದು ಸುಲಭ: ಮೈಯೆಲ್ಲ ಕಪ್ಪು, ಹಿಂದಿನ ರೆಕ್ಕೆಗೆ ಅಡ್ಡಲಾಗಿ ಬಿಳಿ ಮಚ್ಚೆಗಳ ಸಾಲು. ತೊಡಕಿರುವುದು ಹೆಣ್ಣಿನಲ್ಲಿ. ಕೆಲವು ಹೆಣ್ಣುಗಳು ಗಂಡಿನ ಹಾಗೆಯೇ ಇರುತ್ತವೆ. ಕೆಲವು ಕಾಮನ್ ರೋಸ್ ಚಿಟ್ಟೆಯ ಹಾಗೆ, ಹಿಂದಿನ ರೆಕ್ಕೆಯ ನಡುವೆ ಬಿಳಿ, ಅಂಚಿಗೆ ಕೆಂಪು ಹೊತ್ತು ಬರುತ್ತವೆ. ಮೂರನೆಯ ಬಗೆ ಕ್ರಿಮ್ಸನ್ ರೋಸ್ ಎಂಬ ಇನ್ನೊಂದು ಚಿಟ್ಟೆಯ ಅಚ್ಚು. ಒಂದೇ ತಾಯಿಯ ಮೊಟ್ಟೆಗಳಿಂದ ಬೇರೆ ಬೇರೆ ಬಗೆಯ ಹೆಣ್ಣುಗಳು ಹೊರಬರುವುದೂ ಉಂಟು.

ಜೀವಿಗಳಿಗೆ ಎರಡು ಪದದ ಹೆಸರಿಡುವ ಪದ್ಧತಿ ತಂದ ಸ್ವೀಡನ್ನಿನ ಲಿನೇಯಸ್ 1758ರಲ್ಲಿ ಈ ಚಿಟ್ಟೆಗೆ ಹೆಸರಿಟ್ಟಾಗ ಅವನ ಮುಂದಿದ್ದದ್ದು ಪೂರ್ವದೇಶಗಳಿಂದ ಬಂದ ಸತ್ತ ಮಾದರಿಗಳು ಮಾತ್ರ. ಗಂಡಿನ ರೂಪಕ್ಕೆ ಪಮ್ಮೋನ್ ಎಂದೂ ಹೆಣ್ಣಿನ ರೂಪಕ್ಕೆ ಪಾಲಿಟೀಸ್ ಎಂದೂ ಎರಡು ಪ್ರಭೇದ ಮಾಡಿದ. ಇಬ್ಬರೂ ಗ್ರೀಕ್ ಪುರಾಣದ ಟ್ರಾಯ್ ನಗರದ ರಾಜ ಪ್ರಿಯಾಮನ ಮಕ್ಕಳು. ಹೀಗೆ ಗಂಡ ಹೆಂಡತಿಗೆ ಅಣ್ಣತಮ್ಮಂದಿರ ಹೆಸರು ಬಿತ್ತು. 1775ರಲ್ಲಿ ಡಚ್ಚರ ಕ್ರಾಮರ್ ಮೂರನೆಯ ರೂಪಕ್ಕೆ ರೋಮ್ಯುಲಸ್ ಎಂದು ಇನ್ನೊಂದು ಹೆಸರು ಕೊಟ್ಟ. ಅವರನ್ನು ದೂರುವ ಹಾಗಿಲ್ಲ. ರೆಕ್ಕೆಯ ಬಣ್ಣ ನೋಡಿ ವಿಂಗಡಿಸುವ ಯಾರೇ ಆದರೂ ಅದನ್ನೇ ಮಾಡುತ್ತಿದ್ದರು.

ಸಿಕ್ಕು ಬಿಡಿಸುವ ದಾರಿ ತೆರೆದದ್ದು ಅಮೆಜಾನ್ ಕಾಡಿನಲ್ಲಿ. 1848ರಲ್ಲಿ ಇಂಗ್ಲೆಂಡಿನ ಜೀವವಿಜ್ಞಾನಿಗಳಾದ ಹೆನ್ರಿ ವಾಲ್ಟರ್ ಬೇಟ್ಸ್ ಮತ್ತು ಆಲ್ಫ್ರೆಡ್ ರಸೆಲ್ ವ್ಯಾಲೆಸ್ ಒಟ್ಟಿಗೆ ಅಲ್ಲಿಗೆ ಹೋದರು. ಅಲ್ಲೇ 11 ವರ್ಷ ಉಳಿದ ಬೇಟ್ಸ್, ಹಕ್ಕಿಗಳು ತಿನ್ನದ ಕಹಿ ಚಿಟ್ಟೆಗಳ ನಡುವೆ ಅದೇ ಬಣ್ಣ ತೊಟ್ಟ ಬೇರೆ ಕುಟುಂಬದ ಚಿಟ್ಟೆಗಳು ಹಾರಾಡುವುದನ್ನು ಕಂಡ. ಕಹಿಯ ವೇಷ ಹಾಕಿದ ರುಚಿಯ ಚಿಟ್ಟೆಗಳು ಬದುಕಿ ಉಳಿಯುತ್ತವೆ ಎಂದು 1862ರಲ್ಲಿ ಪ್ರಕಟಿಸಿದ. ಡಾರ್ವಿನ್‌ಗೆ ತನ್ನ ನೈಸರ್ಗಿಕ ಆಯ್ಕೆಯ ವಾದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿರಲಿಲ್ಲ. ಕಹಿ ಚಿಟ್ಟೆಗಳೇ ಪರಸ್ಪರ ಹೋಲುವುದು ಏಕೆ ಎಂಬುದಕ್ಕೆ 1878ರಲ್ಲಿ ಬ್ರೆಜಿಲ್‌ನಲ್ಲಿದ್ದ ಫ್ರಿಟ್ಜ್ ಮುಲ್ಲರ್ ಉತ್ತರ ಕೊಟ್ಟ: ಹಕ್ಕಿಗೆ ಪಾಠ ಕಲಿಸುವಾಗ ಆಗುವ ಜೀವನಷ್ಟ ಎಲ್ಲ ಪ್ರಭೇದಗಳಿಗೂ ಹಂಚಿಹೋಗುತ್ತದೆ.

ನಮ್ಮ ಮಾರ್ಮನ್ ಚಿಟ್ಟೆಯ ಲೆಕ್ಕ ಸರಿಮಾಡಿದ್ದು ವ್ಯಾಲೆಸ್. ಮಲಯ ದ್ವೀಪಗಳಲ್ಲಿ ಎಂಟು ವರ್ಷ ಅಲೆದು ಬಂದ ಅವನು, ಈ ಮೂರೂ ಬಗೆಯ ಹೆಣ್ಣುಗಳು ಒಂದೇ ಪ್ರಭೇದದವು, ಅವುಗಳಲ್ಲಿ ಎರಡು ರೂಪಗಳು ರೋಸ್ ಚಿಟ್ಟೆಗಳ ಅನುಕರಣೆ ಎಂದು 1865ರಲ್ಲಿ ತೋರಿಸಿಕೊಟ್ಟ. ನನ್ನ ಮಟ್ಟಿಗೆ ಚಿಟ್ಟೆಗಳ ವರ್ಗೀಕರಣ ನಿಜವಾಗಿ ತಿರುವು ಪಡೆದದ್ದು ಇಲ್ಲೇ. ಡಬ್ಬಿಯಲ್ಲಿ ಚುಚ್ಚಿಟ್ಟ ರೆಕ್ಕೆಗಿಂತ ಜೀವಂತ ಚಿಟ್ಟೆ ಯಾರೊಂದಿಗೆ ಕೂಡುತ್ತದೆ, ಎಲ್ಲಿ ಮೊಟ್ಟೆಯಿಡುತ್ತದೆ ಎಂಬುದು ಮುಖ್ಯವಾಯಿತು.

ರೋಸ್ ಚಿಟ್ಟೆಗಳ ಕಹಿ ಬರುವುದು ಈಶ್ವರಿ ಬಳ್ಳಿಯಿಂದ. ಮರಿಹುಳುಗಳು ಅದರ ಎಲೆ ತಿಂದು ಅರಿಸ್ಟೊಲೋಕಿಕ್ ಆಮ್ಲವನ್ನು ಮೈಯಲ್ಲಿ ಕೂಡಿಟ್ಟುಕೊಳ್ಳುತ್ತವೆ. ಕಾಮನ್ ರೋಸ್‌ನ ದೇಹದಲ್ಲಿ ಅದು ಇರುವುದು 1968ರಲ್ಲಿ ದೃಢಪಟ್ಟಿತು. ಕರಿಬೇವು ತಿಂದು ಬೆಳೆಯುವ ಮಾರ್ಮನ್‌ಗೆ ಆ ವಿಷದ ಬಲವಿಲ್ಲ. ಅಸಲಿ ಯಾವುದು, ಅನುಕರಣೆ ಯಾವುದು ಎಂದು ತಿಳಿಯಬೇಕಾದರೆ ರೆಕ್ಕೆಯನ್ನು ಬಿಟ್ಟು ಮೈ ನೋಡಬೇಕು. ರೋಸ್‌ನ ತಲೆಯಲ್ಲೂ ಹೊಟ್ಟೆಯಲ್ಲೂ ಕೆಂಪು ಎದ್ದು ಕಾಣುತ್ತದೆ. ಮಾರ್ಮನ್ ಹೆಣ್ಣಿನ ಮೈ ಕಪ್ಪು. ಸುಮ್ಮನೆ ಹಾರುವಾಗ ಅವಳೂ ರೋಸ್‌ನಂತೆ ನಿಧಾನ. ಗಾಬರಿಯಾದರೆ ಮಾತ್ರ ಅಂಕುಡೊಂಕಾಗಿ ರಭಸದಿಂದ ಓಡುತ್ತಾಳೆ. ಮರಿಹುಳುವಿನದೂ ಬೇರೆಯೇ ಉಪಾಯ. ಎಳೆಯದಿರುವಾಗ ಎಲೆಯ ಮೇಲೆ ಬಿದ್ದ ಹಕ್ಕಿಯ ಹಿಕ್ಕೆಯಂತೆ ಕಾಣುತ್ತದೆ, ಬೆಳೆದಾಗ ಎಲೆಯ ಹಸಿರಲ್ಲೇ ಮರೆಯಾಗುತ್ತದೆ. ಕಡ್ಡಿಯಿಂದ ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೆಂಪು ಕೊಂಬೊಂದು ಹೊರಚಾಚಿ ಘಾಟು ವಾಸನೆ ಬಿಡುತ್ತದೆ.

ಒಂದೇ ಬಸಿರಿನಲ್ಲಿ ಹಲವು ರೂಪ ಹೇಗೆ? ಸಿಲೋನಿನಲ್ಲಿ ಈ ಚಿಟ್ಟೆಗಳನ್ನು ಸಾಕಿ ತಳಿಯೆತ್ತಿದ ಫ್ರೈಯರ್, 1913ರ ಹೊತ್ತಿಗೆ ಇದು ತಂದೆತಾಯಿಯ ಗುಣ ಮರಿಗಳಿಗೆ ಇಳಿಯುವ ಬಗೆಗಿನ ಮೆಂಡೆಲ್‌ನ ನಿಯಮದಂತೆ ನಡೆಯುತ್ತದೆ ಎಂದು ತೋರಿಸಿದ. ಗಂಡಿನಲ್ಲೂ ಆ ಗುಣ ಅಡಗಿರುತ್ತದೆ, ಮೈಮೇಲೆ ಕಾಣುವುದಿಲ್ಲ, ಅಷ್ಟೆ. ಅಕ್ಕಪಕ್ಕ ಅಂಟಿಕೊಂಡ ಹಲವು ಜೀನ್‌ಗಳ ಕೆಲಸವಿದು ಎಂದು ಬಹುಕಾಲ ನಂಬಿದ್ದರು. 2014ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ (ಎನ್‌ಸಿಬಿಎಸ್) ಕೃಷ್ಣಮೇಘ ಕುಂಟೆ ಮತ್ತು ಅಮೆರಿಕದ ಸಂಗಡಿಗರು 'ನೇಚರ್' ಪತ್ರಿಕೆಯಲ್ಲಿ ಬೆರಳಿಟ್ಟು ತೋರಿಸಿದ್ದು ಒಂದೇ ಜೀನನ್ನು: ಡಬಲ್‌ಸೆಕ್ಸ್. ಕೀಟಗಳಲ್ಲಿ ಗಂಡು ಹೆಣ್ಣಿನ ವ್ಯತ್ಯಾಸ ರೂಪಿಸುವ ಜೀನ್ ಅದು. ವೇಷ ಹೆಣ್ಣಿಗೆ ಮಾತ್ರ ಏಕೆ ಎಂಬ ಹಳೆಯ ಪ್ರಶ್ನೆಗೆ ಹೊಸ ದಾರಿ ಸಿಕ್ಕಿದ್ದು ಅಲ್ಲಿಂದ.

ಮೂಡುಬಿದಿರೆ ಬಳಿಯ ಬೆಳುವಾಯಿಯಲ್ಲಿ ಸಮ್ಮಿಲನ್ ಶೆಟ್ಟಿಯವರ ಚಿಟ್ಟೆ ಪಾರ್ಕ್ ಇದೆ. ಅಲ್ಲಿ ಪಂಜರವಿಲ್ಲ, ಬೇಕಾದ ಗಿಡಬಳ್ಳಿ ಬೆಳೆಸಿದ್ದಾರೆ, ಚಿಟ್ಟೆಗಳು ತಾವಾಗಿ ಬರುತ್ತವೆ. ನಮ್ಮ ಮನೆಗಳಲ್ಲಿ ಕರಿಬೇವು ಹೇಗೂ ಉಳಿಯುತ್ತದೆ, ಅಡುಗೆಗೆ ಬೇಕಲ್ಲ. ಬೇಲಿ ಕಿತ್ತು ಕಲ್ಲಿನ ಕಂಪೌಂಡ್ ಕಟ್ಟುವಾಗ ಹೋಗುವುದು ಈಶ್ವರಿ ಬಳ್ಳಿ. ಅದು ಹೋದರೆ ರೋಸ್ ಹೋಗುತ್ತದೆ, ಆ ಕಹಿ ತಿಂದು ಕಲಿಯುವ ಹಕ್ಕಿಗಳೂ ಕಡಿಮೆಯಾಗುತ್ತವೆ. ಆಗ ಕೆಂಪು ಬಿಳಿ ತೊಟ್ಟ ಮಾರ್ಮನ್ ಹೆಣ್ಣಿಗೆ ಆ ಬಣ್ಣದಿಂದ ರಕ್ಷಣೆ ಸಿಗುವುದಿಲ್ಲ. ಮೂಲೆಯಲ್ಲಿ ಒಂದು ಬಳ್ಳಿಗೆ ಜಾಗ ಬಿಡಿ. ಅದರ ಬೇರನ್ನು ಮಾತ್ರ ಮದ್ದೆಂದು ಅರೆದು ಕುಡಿಯಬೇಡಿ, ಅದೇ ಆಮ್ಲ ಮನುಷ್ಯರ ಮೂತ್ರಪಿಂಡ ಕೆಡಿಸುತ್ತದೆ.